ಹಾಲು, ನೀರು ಮತ್ತು ಕಥೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಯುವಜನ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಬೆಳಿಗ್ಗೆಯಿಂದ ತಾವು ಒಳ್ಳೊಳ್ಳೆಯ ಮಾತು ಕೇಳಿದ್ದೀರಿ. ಪಶುವೈದ್ಯರು ಕೆಚ್ಚಲು ಬಾವಿನ ವಿಚಾರ ತಿಳಿಸಿದರು. ಒಕ್ಕೂಟದ ಅಧಿಕಾರಿಗಳು ಹಸಿರು ಮೇವಿನ ವಿಚಾರ ತಿಳಿಸಿದರು. ಅವರೆಲ್ಲ ಆದ ಮೇಲೆ ನಾವು ಎದ್ದು ನಿಂತು ಕಥೆ ಬರೆಯುವ ವಿಚಾರ ಮಾತಾಡುವುದು ಅಂದರೆ, ಊಟಕ್ಕೆ ಎಲೆ ಹಾಕಿದ ಮೇಲೆ ಹರಿಕಥೆ ಶುರು ಮಾಡಿದ ಹಾಗೆ. ಬೇಡ ಅಂದೆವು. ಅಧ್ಯಕ್ಷರು ಬಿಡಲಿಲ್ಲ. "ಮೇಷ್ಟ್ರೇ, ಊರಲ್ಲಿ ನಾಕಾರು ಹೈಕ್ಳು ಏನೇನೋ ಬರೀತಾವೆ. ಅವುಕ್ಕೆ ಒಂದು ದಾರಿ ತೋರ್ಸಿ" ಅಂದರು. ಅವರ ಮಾತು ಮೀರಲಾರದೆ ಬಂದು ನಿಂತಿದ್ದೇವೆ.

ನಾವು ದೊಡ್ಡ ಸಾಹಿತಿಗಳಲ್ಲ. 36 ವರ್ಷ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಿ, ವರ್ಗ ಆದಲ್ಲಿಗೆ ಗಂಟುಮೂಟೆ ಕಟ್ಟಿಕೊಂಡು ತಿರುಗಿದವರು. ನಿವೃತ್ತಿಯಾದ ಮೇಲೆ ಎರಡು ಹಸು ಕಟ್ಟಿಕೊಂಡು ಈ ಸಂಘಕ್ಕೆ ಹಾಲು ಹಾಕುತ್ತಿದ್ದೇವೆ. ಈ ನಡುವೆ ಒಂದಷ್ಟು ಕಥೆ ಬರೆದೆವು. ಅಚ್ಚಾದದ್ದು ಕಡಿಮೆ, ವಾಪಸ್ಸು ಬಂದದ್ದು ಹೆಚ್ಚು. ಹಾಗಾಗಿ ಈ ಮಾತುಗಳನ್ನು ಕೈಕೆಸರು ಮಾಡಿಕೊಂಡು ಕಲಿತವರ ಮಾತು ಅಂತ ತಾವು ಕೇಳಬೇಕು. ಕೊನೆಯಲ್ಲಿ ನಾವು ಮಾಡಿದ ಒಂದು ತಪ್ಪನ್ನೂ ಹೇಳುತ್ತೇವೆ. ನಿಜ ಹೇಳಬೇಕಾದರೆ, ಆ ತಪ್ಪನ್ನು ಹೇಳುವುದಕ್ಕೇ ಈ ಗೋಷ್ಠಿಗೆ ಒಪ್ಪಿಕೊಂಡದ್ದು.

ಬರೆಯುವ ಹುಡುಗರು ನಮ್ಮನ್ನು ಮೊದಲು ಕೇಳುವ ಪ್ರಶ್ನೆ ಒಂದೇ. "ಸಾರ್, ಸ್ಫೂರ್ತಿ ಹೆಂಗೆ ಬತ್ತದೆ?" ಅದಕ್ಕೆ ನಾವು ಹೇಳುವುದು: ನಿಮ್ಮವ್ವ ಬೆಳಗಿನ ಜಾವ ಎದ್ದು ಹಾಲು ಕರೆಯುವಾಗ ಸ್ಫೂರ್ತಿಗೆ ಕಾಯ್ತಾಳೇನಪ್ಪ? ಮಳೆ ಬರಲಿ, ಚಳಿ ಇರಲಿ, ಮನೆಯಲ್ಲಿ ಮದುವೆಯೇ ನಡೆಯುತ್ತಿರಲಿ, ಹೊತ್ತಿಗೆ ಸರಿಯಾಗಿ ಕೊಟ್ಟಿಗೆಗೆ ಹೋಗಲೇಬೇಕು. ಒಂದು ಹೊತ್ತು ಕರೆಯದಿದ್ದರೆ ಕೆಚ್ಚಲು ಕಟ್ಟುತ್ತದೆ. ನಾಲ್ಕು ದಿನ ಹಾಗೇ ಬಿಟ್ಟರೆ ಹಾಲು ಬತ್ತುತ್ತದೆ. ಬರೆಯುವ ಕೈಯೂ ಹಾಗೆಯೇ. ಒಂದು ತಿಂಗಳು ಬಿಟ್ಟು ಕೂತರೆ, ಗೊತ್ತಿದ್ದ ಮಾತೂ ಪೆನ್ನಿಗೆ ಇಳಿಯುವುದಿಲ್ಲ.

ನಾವು ಮಾಡಿಕೊಂಡ ಕ್ರಮ ಬಹಳ ಸರಳ. ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಶಾಲೆಗೆ ಹೊರಡುವ ಮುಂಚೆ ಒಂದು ಗಂಟೆ. ದಿನಕ್ಕೆ ಒಂದು ಪುಟ. ಚೆನ್ನಾಗಿ ಬಂದರೂ ಒಂದು ಪುಟ, ಕೆಟ್ಟದಾಗಿ ಬಂದರೂ ಒಂದು ಪುಟ. ಮನೆಯಲ್ಲಿ ಜಾಗ ಇರುತ್ತಿರಲಿಲ್ಲ. ಹಗೇವಿನ ಪಕ್ಕದಲ್ಲಿ, ಜಗಲಿ ಮೇಲೆ, ಒಮ್ಮೊಮ್ಮೆ ದನದ ಕೊಟ್ಟಿಗೆಯಲ್ಲೂ ಕೂತು ಬರೆದಿದ್ದೇವೆ. ಇನ್ನೊಂದು ಸಣ್ಣ ಉಪಾಯ. ಮುಂದಿನ ಸಾಲು ಏನು ಅಂತ ಗೊತ್ತಿರುವಾಗಲೇ ಪೆನ್ನು ಮುಚ್ಚಿ ಏಳುತ್ತಿದ್ದೆವು. ಸಾಲಿನ ನಡುವೆ ನೇಗಿಲು ಬಿಟ್ಟು ಬಂದ ಬೇಸಾಯಗಾರನಿಗೆ ಮಾರನೆಯ ದಿನ ಎಲ್ಲಿಂದ ಹೂಡಬೇಕು ಅಂತ ಯೋಚನೆ ಇರುವುದಿಲ್ಲವಲ್ಲ, ಹಾಗೆ.

ವರ್ಷಕ್ಕೆ ಮುನ್ನೂರು ಪುಟ ಆಯಿತು ಅಂದುಕೊಳ್ಳಿ. ಅದರಲ್ಲಿ ಉಳಿಯುವುದು ಇಪ್ಪತ್ತೋ ಮೂವತ್ತೋ ಪುಟ. ಮಿಕ್ಕದ್ದು ದಂಡವೇ ಅಂತ ಕೇಳಬಹುದು. ಹಾಲು ಕಾಯಿಸಿ ಹೆಪ್ಪು ಹಾಕಿ ಕಡೆದರೆ ಬೆಣ್ಣೆ ಎಷ್ಟು ಬರುತ್ತದೆ ಅಂತ ಇಲ್ಲಿರುವ ತಾಯಂದಿರಿಗೆ ಗೊತ್ತು. ಮಜ್ಜಿಗೆ ದಂಡ ಅಂತ ಯಾರೂ ಅನ್ನುವುದಿಲ್ಲ.

ಎರಡನೆಯ ವಿಚಾರ, ಕೇಳುವುದು. ಬರೆಯುವವನ ಕೆಲಸದಲ್ಲಿ ಮುಕ್ಕಾಲು ಪಾಲು ಕಿವಿಯದು. ಈ ನಾಲ್ಕು ತಾಲ್ಲೂಕು ಅಕ್ಕಪಕ್ಕದಲ್ಲೇ ಇದ್ದರೂ ಜನ ಆಡುವ ಮಾತು ಒಂದೇ ಅಲ್ಲ. ಶ್ರೀರಂಗಪಟ್ಟಣದ ಕಡೆ ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಯ ನಾಲೆ ಇವುಗಳ ನೀರು ಕುಡಿದ ಗದ್ದೆ ಬಯಲು. ಅಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವುದು, "ನಾಲೆಗೆ ನೀರು ಬುಟ್ಟವ್ರಾ?" ನಾಗಮಂಗಲದ ಕಡೆ ಹೋದರೆ ರಾಗಿ, ಹುರುಳಿಯ ಹೊಲ. ಅಲ್ಲಿಯವರು ನಿಮ್ಮ ಮುಖ ನೋಡುವ ಮೊದಲು ಮುಗಿಲು ನೋಡುತ್ತಾರೆ. "ಮೋಡ ಕಟ್ತದೆ, ಉದುರಾಕಿಲ್ಲ" ಅಂತಾರೆ. ಪಾಂಡವಪುರದ ಕಡೆ ಕಬ್ಬಿನ ಕಟಾವು, ಆಲೆಮನೆ, ಬೆಲ್ಲದ ರೇಟು. ಕೆ.ಆರ್. ಪೇಟೆಯ ಕಡೆ ಹೇಮಾವತಿ ಬಯಲು. ಆ ಹೊಳೆ ಅಕ್ಕಿಹೆಬ್ಬಾಳಿನ ಆಸುಪಾಸಿನಲ್ಲಿ ಹರಿದು ಬಂದು ಕಾವೇರಿ ಸೇರುತ್ತದೆ. ಗದ್ದೆ ಬಯಲಿನವನ ಬಾಯಲ್ಲಿ ಹೊಲದವನ ಮಾತು ಹಾಕಿದರೆ, ಪಟ್ಟಣದ ಓದುಗ ಕಂಡುಹಿಡಿಯದಿರಬಹುದು. ಊರಿನವನು ಎರಡನೆಯ ಸಾಲಿಗೇ ಪುಸ್ತಕ ಮಡಿಸಿಡುತ್ತಾನೆ.

ಕೇಳುವುದರಲ್ಲಿ ನಮ್ಮ ಜಿಲ್ಲೆಯವರು ಹಿಂದೆ ಬಿದ್ದವರಲ್ಲ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ದೊಡ್ಡ ಸರ್ಕಾರಿ ಅಧಿಕಾರಿಗಳಾಗಿದ್ದವರು. ಅಂಥವರು ಹಾಡುವ ಹೆಣ್ಣುಮಕ್ಕಳ ಮುಂದೆ ಕೂತು ಪದ ಕೇಳಿ ಬರೆದುಕೊಂಡರು. 1994ರಲ್ಲಿ ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು. ಅವರು ಬರೆದ 'ದೊಡ್ಡಮನೆ' ಕಾದಂಬರಿಯ ಹಿಂದೆ ಆ ಕಿವಿ ಇದೆ. ಅದೇ ತಾಲ್ಲೂಕಿನ ಜೀ.ಶಂ. ಪರಮಶಿವಯ್ಯನವರು ಊರೂರು ಸುತ್ತಿ ನೀಲಗಾರರ, ಕಂಸಾಳೆಯವರ ಕಾವ್ಯ ಕೇಳಿದವರು. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣನವರು ವೈದ್ಯರು. ರೋಗಿ ನಾಡಿ ತೋರಿಸುವಾಗ ಮನೆ ಕಷ್ಟವನ್ನೂ ಹೇಳಿಕೊಳ್ಳುತ್ತಾನಲ್ಲ, ಅದನ್ನು ಕಿವಿಗೊಟ್ಟು ಕೇಳಿದವರು ಅಂತ ಅವರ ಕಥೆ ಓದಿದರೆ ಗೊತ್ತಾಗುತ್ತದೆ. ಅವರ 'ಗಾಂಧಿ' ಕಥೆಯನ್ನು ಒಂದು ಸಲ ಓದಿದವರು ಮರೆಯುವುದಿಲ್ಲ. ಈಗ ಅವರ ಹೆಸರಿನಲ್ಲೇ ಕಥಾ ಪ್ರಶಸ್ತಿ ಇದೆ.

ಮೂರನೆಯದು, ಕೆಲಸ ತಿಳಿದು ಬರೆಯುವುದು. ನಮ್ಮ ಮೊದಮೊದಲ ಕಥೆಯೊಂದರಲ್ಲಿ ಆಲೆಮನೆ ಬರುತ್ತಿತ್ತು. ಕೊಪ್ಪರಿಗೆಯಿಂದ ನೇರವಾಗಿ ಅಚ್ಚಿಗೆ ಪಾಕ ಹೊಯ್ದರು ಅಂತ ಬರೆದಿದ್ದೆವು. ಅದನ್ನು ಓದಿಸಿ ಕೇಳಿದ ಒಬ್ಬ ಯಜಮಾನರು ನಕ್ಕುಬಿಟ್ಟರು. "ಅಲ್ಲ ಮೇಷ್ಟ್ರೇ, ಪಾಕಾನ ಮೊದ್ಲು ತೊಟ್ಟಿಗೆ ಇಳಿಸ್ಕೊಂಡು, ಮಗುಚಿ, ಆರಿಸಿ, ಹದಕ್ಕೆ ಬಂದ ಮೇಲೆ ಅಚ್ಚಿಗೆ ಹಾಕೋದು. ನಿಮ್ಮ ಬೆಲ್ಲ ಯಾರು ಕೊಂಡಾರು?" ಅಂದರು. ಆ ಕಥೆಯಲ್ಲಿ ಪ್ರೀತಿ ಇತ್ತು, ಸಾವು ಇತ್ತು, ನಾವು ಅಳುತ್ತಾ ಬರೆದ ಭಾಗ ಇತ್ತು. ಅವರಿಗೆ ಅದೊಂದೂ ನಾಟಲಿಲ್ಲ. ಬೆಲ್ಲ ಸುಳ್ಳಾದ ಮೇಲೆ ಮಿಕ್ಕದ್ದನ್ನು ಅವರು ಯಾಕೆ ನಂಬಬೇಕು?

ನಮ್ಮ ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ, 2025ರಲ್ಲಿ ತೀರಿಕೊಂಡ ಎಸ್.ಎಲ್. ಭೈರಪ್ಪನವರನ್ನು ನೋಡಿ. ಅವರ ವಿಚಾರಗಳನ್ನು ಒಪ್ಪುವವರೂ ಉಂಟು, ಒಪ್ಪದವರೂ ಉಂಟು. 'ಪರ್ವ' ಬರೆಯುವ ಮುಂಚೆ ಮಹಾಭಾರತದ ಸ್ಥಳಗಳನ್ನು ಸುತ್ತಿ ನೋಡಿ ಬಂದರು ಅನ್ನುವುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. 1970ರಲ್ಲಿ ಬಂದ ಅವರ 'ಗೃಹಭಂಗ'ದಲ್ಲಿ ನಂಜಮ್ಮ ಅನ್ನುವ ತಾಯಿ ಕೈಲಾಗದ ಗಂಡನ ಬದಲಿಗೆ ತಾನೇ ಶಾನುಭೋಗಿಕೆಯ ಲೆಕ್ಕ ಬರೆಯುತ್ತಾಳೆ. ಆ ಲೆಕ್ಕದ ಪುಸ್ತಕ, ಆ ಪ್ಲೇಗು, ಆ ಬಡತನ ಎಲ್ಲ ಬಾಲ್ಯದಲ್ಲಿ ಕಂಡು ಉಂಡದ್ದು. ಹಾಗಾಗಿಯೇ ಓದುವವನ ಎದೆಗೆ ಹೋಗುತ್ತದೆ. ನಮ್ಮ ಹುಡುಗರು ಕಾಣದ ಊರಿನ ಕಾಫಿ ಅಂಗಡಿ, ಕಾಣದ ಸಮುದ್ರದ ತೀರ ಬರೆಯುತ್ತಾರೆ. ನಮ್ಮ ಕಣ್ಣ ಮುಂದೆ ಕನ್ನಂಬಾಡಿ ಇದೆ. 1911ರಲ್ಲಿ ಕಟ್ಟೆ ಕೆಲಸ ಶುರುವಾಗಿ, ಆ ಹೆಸರಿನ ಹಳೆಯ ಊರೇ ನೀರಿನೊಳಗೆ ಹೋಯಿತು. ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ, ಬರದ ಬೇಸಿಗೆಯಲ್ಲಿ ನೀರು ತಳ ಕಂಡಾಗ ಮುಳುಗಿದ್ದ ಹಳೆಯ ಗುಡಿ ಮೇಲೆ ಕಾಣುತ್ತಿತ್ತು. ಜನ ಹೋಗಿ ಕೈಮುಗಿದು ಬರುತ್ತಿದ್ದರು. ಇದಕ್ಕಿಂತ ಕಥೆ ಬೇಕೇ?

ದೊಡ್ಡ ಊರಿನಲ್ಲಿ ಹುಟ್ಟಿದವರು ಮಾತ್ರ ಬರೆಯುತ್ತಾರೆ ಅನ್ನುವ ಕೀಳರಿಮೆಯನ್ನೂ ಬಿಡಬೇಕು. ಕೆ.ಎಸ್. ನರಸಿಂಹಸ್ವಾಮಿಗಳು ಕಿಕ್ಕೇರಿಯವರು. ಪು.ತಿ. ನರಸಿಂಹಾಚಾರ್ಯರು ಮೇಲುಕೋಟೆಯವರು. ಎ.ಎನ್. ಮೂರ್ತಿರಾಯರು ಅಕ್ಕಿಹೆಬ್ಬಾಳಿನವರು. 1900ರಲ್ಲಿ ಹುಟ್ಟಿದ ಅವರ 'ದೇವರು' ಪುಸ್ತಕ ಅಚ್ಚಾದದ್ದು 1991ರಲ್ಲಿ. ಅಂದರೆ ತೊಂಬತ್ತು ದಾಟಿದ ಮೇಲೂ ಪೆನ್ನು ಕೆಳಗಿಡಲಿಲ್ಲ. ಕಥೆಗಾರರೂ ಸಿನಿಮಾ ನಿರ್ದೇಶಕರೂ ಆದ ನಾಗತಿಹಳ್ಳಿ ಚಂದ್ರಶೇಖರ್ ನಾಗಮಂಗಲ ತಾಲ್ಲೂಕಿನ ತಮ್ಮ ಹಳ್ಳಿಯ ಹೆಸರನ್ನೇ ಮುಂದಿಟ್ಟುಕೊಂಡು ನಾಡಿಗೆಲ್ಲ ಪರಿಚಯವಾದರು.

ಈಗ ನಮ್ಮ ತಪ್ಪಿನ ವಿಚಾರಕ್ಕೆ ಬರುತ್ತೇವೆ.

ಬಹಳ ವರ್ಷದ ಹಿಂದಿನ ಮಾತು. ಈ ನಾಲ್ಕು ತಾಲ್ಲೂಕಿನಲ್ಲಿ ಯಾವುದೋ ಒಂದು ಹಳ್ಳಿ ಅಂತ ಇಟ್ಟುಕೊಳ್ಳಿ. ಊರಿನ ಹೆಸರು ಹೇಳುವುದಿಲ್ಲ, ಆ ತಾಯಿಯ ಹೆಸರನ್ನೂ ಹೇಳುವುದಿಲ್ಲ. ಅಲ್ಲಿ ಹಾಲಿನ ಡೈರಿ ಆಗ ಹೊಸದಾಗಿ ಶುರುವಾಗಿತ್ತು. ಸಂಜೆ ಹೊತ್ತು ನಾವು ಅಲ್ಲಿ ಹೋಗಿ ಕೂರುತ್ತಿದ್ದೆವು, ನಾಲ್ಕು ಮಾತು ಕಿವಿಗೆ ಬೀಳಲಿ ಅಂತ. ಒಂದು ದಿನ ಒಬ್ಬ ತಾಯಿಯ ಹಾಲಿಗೆ ಲ್ಯಾಕ್ಟೋಮೀಟರು ಬಿಟ್ಟಾಗ ಅದು ನಿಲ್ಲಬೇಕಾದ ಗೆರೆಗಿಂತ ಕೆಳಕ್ಕೆ ಮುಳುಗಿತು. ನೀರು ಬೆರೆತಿದೆ ಅಂತ ಗೊತ್ತಾಯಿತು. ಎರಡನೆಯ ದಿನವೂ ಅದೇ. ಹಾಲು ವಾಪಸ್ಸು ಮಾಡಿದರು. ಆ ತಾಯಿ ಒಂದು ಮಾತೂ ಆಡದೆ ಕ್ಯಾನು ಎತ್ತಿಕೊಂಡು ಹೋದರು. ಸಂಘದವರು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಬ್ಬರ ನೀರು ಎಲ್ಲರ ಹಾಲಿಗೆ ಸೇರುತ್ತದೆ. ಅಳತೆ ಎಲ್ಲರಿಗೂ ಒಂದೇ ಆಗಿರಬೇಕು. ಈ ಸಂಘ 25 ವರ್ಷ ನಿಂತಿರುವುದೂ ಆ ಅಳತೆಯ ಮೇಲೆಯೇ.

ನಮಗೆ ಅವತ್ತು ರಾತ್ರಿ ಕಥೆ ಹೊಳೆಯಿತು. ಮೂರೇ ದಿನದಲ್ಲಿ ಬರೆದು ಮುಗಿಸಿ ಒಂದು ಪತ್ರಿಕೆಗೆ ಕಳಿಸಿದೆವು. ಅಚ್ಚಾಯಿತು. 150 ರೂಪಾಯಿ ಸಂಭಾವನೆ ಬಂತು. ನಗೆಯ ಧಾಟಿಯ ಕಥೆ ಅದು. ಹೆಸರು ಬದಲಾಯಿಸಿದ್ದೆವು, ಊರು ಬದಲಾಯಿಸಿದ್ದೆವು. ಆದರೆ ಆ ತಾಯಿಯ ಕ್ಯಾನಿನ ಹಿಡಿಗೆ ಸುತ್ತಿದ್ದ ಕೆಂಪು ಬಟ್ಟೆಯನ್ನು ಹಾಗೇ ಬಿಟ್ಟಿದ್ದೆವು. ಅದು ಕಣ್ಣಿಗೆ ಕಟ್ಟುವ ವಿವರ ಅಂತ ನಮಗೇ ಹೆಮ್ಮೆ. ಕೊನೆಯ ಸಾಲಿನಲ್ಲಿ, ಅವಳ ಹಸು ಹಾಲಿನ ಜೊತೆಗೆ ನೀರನ್ನೂ ಕರೆಯುತ್ತಿತ್ತು ಅಂತ ಬರೆದಿದ್ದೆವು. ಸ್ನೇಹಿತರು ಬೆನ್ನು ತಟ್ಟಿದರು.

ಪತ್ರಿಕೆ ಊರಿನ ಕ್ಷೌರದ ಅಂಗಡಿಗೆ ಬಂತು. ಕೆಂಪು ಬಟ್ಟೆ ನೋಡಿದ ತಕ್ಷಣ ಇಡೀ ಊರಿಗೆ ಗೊತ್ತಾಯಿತು. ಮಾರನೆಯ ದಿನದಿಂದ ಆ ತಾಯಿ ಸಾಲಿಗೆ ಬಂದರೆ ಪಡ್ಡೆ ಹುಡುಗರು ನಮ್ಮ ಕೊನೆಯ ಸಾಲನ್ನು ಕೂಗಿ ನಗುತ್ತಿದ್ದರು. ನಾವು ಬರೆದ ಮಾತು ಜನರ ಬಾಯಿಗೆ ಬರಲಿ ಅಂತ ಎಷ್ಟೋ ವರ್ಷದಿಂದ ಆಸೆ ಪಟ್ಟಿದ್ದೆವು. ಬಂದದ್ದು ಹೀಗೆ. ಒಂದು ವಾರಕ್ಕೆ ಅವರು ಡೈರಿಗೆ ಬರುವುದನ್ನೇ ನಿಲ್ಲಿಸಿದರು. ಹೋಟೆಲಿಗೆ ಹಾಲು ಒಯ್ಯುವವನಿಗೆ ಕಡಿಮೆ ರೇಟಿಗೆ ಕೊಡುತ್ತಿದ್ದಾರೆ ಅಂತ ಕೇಳಿದೆವು. ಆಗಲೂ ನಮಗೆ ಬುದ್ಧಿ ಬರಲಿಲ್ಲ. ಕಥೆ ಕಥೆಯೇ ತಾನೆ, ನಾವೇನು ಹೆಸರು ಹಾಕಿದ್ದೆವಾ ಅಂತ ನಮಗೆ ನಾವೇ ಸಮಾಧಾನ ಹೇಳಿಕೊಂಡೆವು.

ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಆ ತಾಯಿ ಬಂದು ಬಾಗಿಲಲ್ಲಿ ನಿಂತರು. ಬೈಯುತ್ತಾರೆ ಅಂದುಕೊಂಡೆವು. ಬೈಯಲಿಲ್ಲ.

"ಮೇಷ್ಟ್ರೇ, ನಾನು ಓದಿಲ್ಲ. ಮಗಳ ಕೈಲಿ ಓದುಸ್ದೆ. ನೀರು ಹಾಕಿದ್ದ ಸರ್ಯಾಗೇ ಬರ್ದಿದ್ದೀರ. ಯಾಕ್ ಹಾಕ್ದೆ ಅಂತ ಬರೀನಿಲ್ವಲ್ಲ. ಬರೆಯಾಕೆ ಮುಂಚೆ ಒಂದ್ ಮಾತು ಕೇಳಬೋದಾಗಿತ್ತಲ್ಲಪ್ಪ" ಅಂದರು.

ನಮಗೆ ಉತ್ತರ ಹೊರಡಲಿಲ್ಲ. "ಹೇಳಕ್ಕ" ಅಂದೆವು.

ಹೇಳಿದರು. ಮಗಳು ಹೆರಿಗೆಗೆ ಬಂದಿದ್ದಳು. ಹಸಿ ಬಾಣಂತಿ. ಹಸುವಿನ ಸಾಲದ ಕಂತನ್ನು ಡೈರಿಯ ಬಟವಾಡೆಯಲ್ಲೇ ಹಿಡಿದುಕೊಳ್ಳುತ್ತಿದ್ದರು. ಕಂತು ಹೋಗಿ ಕೈಗೆ ಬರುವುದರಲ್ಲಿ ಬೂಸಾ ತರಬೇಕು, ಮನೆ ನಡೆಯಬೇಕು. ಹಾಲು ಕಡಿಮೆ ಹಾಕಿದರೆ ಆ ವಾರ ಕೈಗೆ ಏನೂ ಬರುವುದಿಲ್ಲ. ಬಾಣಂತಿಗೆ ಅಂತ ಒಂದು ಚೊಂಬು ಹಾಲು ತೆಗೆದಿಟ್ಟರು. ತೆಗೆದಷ್ಟಕ್ಕೆ ನೀರು ಹಾಕಿದರು. ಅಷ್ಟೇ. ಕಥೆಯನ್ನು ಅವರಿಗೆ ಓದಿ ಹೇಳಿದ ಮಗಳೇ ಆ ಹಾಲು ಕುಡಿದವಳು.

ಆ ರಾತ್ರಿ ನಮ್ಮ ಮನೆಯವರು ಹಾಲು ತಂದಿಟ್ಟರೆ ಕುಡಿಯಲು ಆಗಲಿಲ್ಲ.

ಮಾರನೆಯ ಬೆಳಿಗ್ಗೆ ನಾವೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿ, ಅವರ ಜೊತೆಯಲ್ಲಿ ಡೈರಿಗೆ ನಡೆದು ಹೋದೆವು. ಸಾಲಿನಲ್ಲಿ ನಿಂತಿದ್ದವರ ಮುಂದೆ, ಕಥೆ ಬರೆದದ್ದು ನಮ್ಮ ತಪ್ಪು, ತಿಳಿಯದೆ ಬರೆದೆವು ಅಂತ ಹೇಳಿದೆವು. ಯಾಕೆ ನೀರು ಹಾಕಿದರು ಅನ್ನುವುದನ್ನು ಹೇಳಲಿಲ್ಲ, ಅದು ಅವರ ಮನೆಯ ಮಾನ. ಹುಡುಗರು ಸುಮ್ಮನಾದರು. ನಿಧಾನವಾಗಿ ಆ ತಾಯಿ ಮತ್ತೆ ಡೈರಿಗೆ ಹಾಲು ಹಾಕತೊಡಗಿದರು. ಕ್ಯಾನಿನ ಕೆಂಪು ಬಟ್ಟೆಯನ್ನು ಮಾತ್ರ ಬಿಚ್ಚಿ ಹಾಕಿದ್ದರು.

ಅವತ್ತಿನಿಂದ ಕಥೆ ಅಂದರೆ ಏನು ಅನ್ನುವುದಕ್ಕೆ ನಮ್ಮಲ್ಲಿ ಒಂದೇ ಉತ್ತರ. ಹಾಲಿನಲ್ಲಿ ನೀರಿದೆ ಅಂತ ಹೇಳಲು ಲ್ಯಾಕ್ಟೋಮೀಟರು ಸಾಕು. ಫ್ಯಾಟು ಎಷ್ಟು, ಡಿಗ್ರಿ ಎಷ್ಟು ಅಂತ ಈಗಿನ ಮಿಷನ್ನು ಚೀಟಿಯಲ್ಲೇ ಅಚ್ಚು ಹಾಕಿ ಕೊಡುತ್ತದೆ. ಕಟ್ಟೆಯ ನೀರು ಎಷ್ಟು ಅಡಿ ಅಂತ ಪೇಪರಿನಲ್ಲಿ ಬರುತ್ತದೆ. 124.80 ಅಡಿ ಆದರೆ ಕಟ್ಟೆ ತುಂಬಿತು ಅಂತ ನಾವೆಲ್ಲ ಸಂತೋಷ ಪಡುತ್ತೇವೆ. ಇವೆಲ್ಲ ಬೇಕಾದ ಅಳತೆಗಳೇ. ಆದರೆ ಆ ಗೆರೆಯ ಕೆಳಗೆ ಮುಳುಗಿದ ಮನುಷ್ಯ ಯಾಕೆ ಮುಳುಗಿದ ಅನ್ನುವುದನ್ನು ಯಾವ ಮೀಟರೂ ಹೇಳುವುದಿಲ್ಲ. ಅದನ್ನು ಹೇಳುವವನು ಕಥೆಗಾರ. ಅದನ್ನು ಹೇಳದೆ ಮೀಟರು ಹೇಳಿದ್ದನ್ನೇ ಇನ್ನೊಂದು ಸಲ ನಗೆ ಸೇರಿಸಿ ಹೇಳಿದರೆ, ಅದು ಕಟ್ಟೆ ಮೇಲಿನ ಚಾಡಿ ಮಾತು. ನಾವು ಅವತ್ತು ಬರೆದದ್ದು ಚಾಡಿ.

ಇದನ್ನು ನಮಗಿಂತ ಮುಂಚೆಯೇ ತಿಳಿದು ಬರೆದವರಿದ್ದರು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಿ.ಎಂ. ಶ್ರೀಕಂಠಯ್ಯನವರ ಮನೆತನದ ಹೆಣ್ಣುಮಗಳು ತ್ರಿವೇಣಿ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. 1963ರಲ್ಲಿ ತೀರಿಕೊಂಡಾಗ ಇನ್ನೂ 35 ತುಂಬಿರಲಿಲ್ಲ. ಅಷ್ಟರಲ್ಲೇ ಸುಮಾರು 20 ಕಾದಂಬರಿ ಬರೆದಿದ್ದರು. ಅವರ 'ಶರಪಂಜರ'ದ ಕಾವೇರಿಗೆ ಬಾಣಂತನದಲ್ಲಿ ಬುದ್ಧಿಭ್ರಮಣೆ ಆಗುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಬಂದರೂ ಮನೆಯವರು, ನೆರೆಯವರು ಅವಳನ್ನು ಹಳೆಯ ಕಣ್ಣಿನಲ್ಲೇ ನೋಡುತ್ತಾರೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದ ಮೇಲೆ ಇಲ್ಲಿರುವ ಹಿರಿಯರೆಲ್ಲ ನೋಡಿ ಕಣ್ಣೀರು ಹಾಕಿದ್ದೀರಿ. ಊರು ಒಂದೇ ಮಾತಿನಲ್ಲಿ 'ಹುಚ್ಚಿ' ಅಂದು ಮುಗಿಸುತ್ತದೆ. ತ್ರಿವೇಣಿಯವರು ಯಾಕೆ ಅಂತ ಕೇಳಿದರು. ಆ ಒಂದು ಪ್ರಶ್ನೆಯಿಂದ ಕಾದಂಬರಿ ಹುಟ್ಟಿತು.

ಇದರಿಂದ ನಾವು ಮಾಡಿಕೊಂಡ ಕೆಲವು ಕಟ್ಟುಪಾಡುಗಳನ್ನು ಬರೆಯುವ ಮಕ್ಕಳಿಗೆ ಹೇಳುತ್ತೇವೆ.

ಕಂಡ ಮನುಷ್ಯನನ್ನು ಕಂಡ ಹಾಗೆ ಕಥೆಗೆ ತರಬೇಡಿ. ಹೆಸರು ಬದಲಾಯಿಸಿದರೆ ಸಾಲದು, ಕೆಂಪು ಬಟ್ಟೆ ಉಳಿದುಬಿಡುತ್ತದೆ. ಅವರ ನೋವನ್ನು ತೆಗೆದುಕೊಳ್ಳಿ. ಕ್ಯಾನು, ಮನೆ, ಕೇರಿ, ಕಸುಬು ಎಲ್ಲವನ್ನೂ ಬೇರೆ ಮಾಡಿ. ಒಬ್ಬರ ನಡೆ, ಇನ್ನೊಬ್ಬರ ಮಾತು, ಮತ್ತೊಬ್ಬರ ಕಷ್ಟ ಸೇರಿಸಿ ಒಬ್ಬ ಹೊಸ ಮನುಷ್ಯನನ್ನು ಮಾಡಿ. ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದರೂ ನಮ್ಮವರೇ. ಅವರು 1935ರಲ್ಲಿ ಬಂದ ಮೊದಲ ಕಾದಂಬರಿಗೇ ಮಾಲ್ಗುಡಿ ಅನ್ನುವ ಊರನ್ನು ಕಟ್ಟಿಕೊಂಡರು. ಶಂಕರ್‌ನಾಗ್ ಅವರು ಟಿ.ವಿ.ಗೆ ತಂದಾಗ ದೇಶವೇ ನೋಡಿತು. ಇದು ನಮ್ಮ ಊರೇ ಅಂತ ಎಲ್ಲರಿಗೂ ಅನ್ನಿಸಿತು, ಇದು ನನ್ನ ಮನೆ ಅಂತ ಯಾರಿಗೂ ತಲೆ ತಗ್ಗಿಸುವ ಹಾಗಾಗಲಿಲ್ಲ.

ಕೆಟ್ಟವನನ್ನು ಬರೆಯುವಾಗ ಅವನ ಜಾಗದಲ್ಲಿ ಒಂದು ಗಳಿಗೆ ನಿಂತು ನೋಡಿ. ಯಾಕೆ ಅಂತ ತಿಳಿದ ಮಾತ್ರಕ್ಕೆ ತಪ್ಪು ಸರಿಯಾಗಿಬಿಡುವುದಿಲ್ಲ. ಹಾಲಿಗೆ ನೀರು ಹಾಕುವುದು ಅವತ್ತೂ ತಪ್ಪು, ಇವತ್ತೂ ತಪ್ಪು. ಆ ತಾಯಿಯೇ ಅದನ್ನು ಒಪ್ಪಿಕೊಂಡಿದ್ದರು. ತಪ್ಪನ್ನು ತಪ್ಪು ಅಂತ ಬರೆಯಿರಿ, ಮಾಡಿದವರನ್ನು ಮನುಷ್ಯರು ಅಂತ ಬರೆಯಿರಿ.

ಬರೆದದ್ದನ್ನು ಗಟ್ಟಿಯಾಗಿ ಓದಿ. ನಮ್ಮ ಮನೆಯವರು ರಾಗಿ ಮಾಡುತ್ತಾ ಕೇಳುತ್ತಾರೆ. ಅವರ ಕೈ ಮೊರದ ಮೇಲೆ ನಿಂತರೆ ಆ ಭಾಗ ಚೆನ್ನಾಗಿದೆ ಅಂತ ಅರ್ಥ. ಬೇಗ ಬೇಗ ಕೇರತೊಡಗಿದರೆ ಅಲ್ಲಿ ಮಾತು ಹೆಚ್ಚಾಗಿದೆ ಅಂತ ಗುರುತು ಹಾಕಿಕೊಳ್ಳುತ್ತೇವೆ. ನಮ್ಮ ಮೊದಲ ಕಥೆಗಳೆಲ್ಲ ಬೆಳಗಿನ ಸೂರ್ಯ, ಹಕ್ಕಿಗಳ ಇಂಚರ ಅಂತ ಶುರುವಾಗುತ್ತಿದ್ದವು. "ಸೂರ್ಯ ದಿನಾ ಹುಟ್ತಾನೆ, ಆ ಮನೇಲಿ ಏನಾಯ್ತು ಹೇಳಿ" ಅಂದವರು ಅವರೇ. ಈಗ ಹೊತ್ತು ಹುಟ್ಟುವುದನ್ನು ಬಿಟ್ಟು, ಕಷ್ಟ ಹುಟ್ಟುವ ಕಡೆಯಿಂದ ಶುರು ಮಾಡುತ್ತೇವೆ.

ಮುಗಿದ ಕಥೆಯನ್ನು ಕನಿಷ್ಠ ಹದಿನೈದು ದಿನ ಮಡಿಸಿಡಿ. ಆಮೇಲೆ ತೆಗೆದು ಓದಿದರೆ ತಪ್ಪು ತಾನಾಗಿ ಎದ್ದು ಕಾಣುತ್ತದೆ. ಈಗ ಮೊಬೈಲಿನಲ್ಲೇ ಬರೆದು ಆ ಗಳಿಗೆಗೇ ಊರಿಗೆಲ್ಲ ಕಳಿಸಿಬಿಡುವ ಕಾಲ. ನಮ್ಮ ಕಾಲದಲ್ಲಿ ಕಥೆ ಕ್ಷೌರದ ಅಂಗಡಿಗೆ ಬರಲು ತಿಂಗಳು ಬೇಕಾಗಿತ್ತು, ಆದರೂ ಅಷ್ಟು ನೋವು ಮಾಡಿತು. ಈಗ ಒಂದು ನಿಮಿಷ ಸಾಕು. ಒತ್ತುವ ಮುಂಚೆ ಒಂದು ರಾತ್ರಿ ಮಲಗಿ ಏಳಿ. ವಾಪಸ್ಸು ಬಂದರೆ ಎದೆಗೆಡಬೇಡಿ. 'ಪ್ರಜಾವಾಣಿ'ಯ ದೀಪಾವಳಿ ಕಥಾಸ್ಪರ್ಧೆ ದಶಕಗಳಿಂದ ನಡೆದುಕೊಂಡು ಬಂದಿದೆ. ನಾವೂ ಕಳಿಸಿದ್ದೇವೆ. ಬಹುಮಾನ ಬರಲಿಲ್ಲ. ಆದರೆ ದೀಪಾವಳಿಯೊಳಗೆ ಒಂದು ಕಥೆ ಮುಗಿಸಬೇಕು ಅನ್ನುವ ಗಡುವು ನಮ್ಮನ್ನು ಎಷ್ಟೋ ವರ್ಷ ಕೂರಿಸಿ ಬರೆಸಿತು.

ಆ ತಾಯಿಯ ಕಥೆ ಏನಾಯಿತು ಅಂತ ತಾವು ಕೇಳಬಹುದು. ಮತ್ತೆ ಬರೆದೆವು. ಹನ್ನೊಂದು ಸಲ ಬರೆದೆವು. ಹನ್ನೊಂದನೆಯದನ್ನು ತೆಗೆದುಕೊಂಡು ಹೋಗಿ ಅವರ ಜಗಲಿ ಮೇಲೆ ಕೂತು ಓದಿ ಹೇಳಿದೆವು. ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, "ಎಲ್ಲಾ ಸರಿ ಮೇಷ್ಟ್ರೇ. ಒಂದ್ ಸೇರ್ಸಿ. ನಾ ಹಾಕಿದ್ದು ಕುಡಿಯೋ ನೀರು. ಗಡಿಗೇಲಿ ಸೋಸಿ ಇಟ್ಟಿದ್ದ ನೀರು. ಬೇರೆ ಮಕ್ಳೂ ಕುಡಿಯೋ ಹಾಲಲ್ವಾ ಅದು" ಅಂದರು.

ಹನ್ನೊಂದು ಸಲ ಬರೆದರೂ ನಮಗೆ ಆ ಗಡಿಗೆಯ ನೀರು ಹೊಳೆದಿರಲಿಲ್ಲ. ಆ ಕಥೆಯನ್ನು ಯಾವ ಪತ್ರಿಕೆಗೂ ಕಳಿಸಲಿಲ್ಲ. ಇಂಥ ಕಡೆ ಹೇಳಬಹುದಾ ಅಂತ ಕೇಳಿದ್ದಕ್ಕೆ, "ಹೇಳಿ ಬುಡಿ, ಹೆಸ್ರು ಬ್ಯಾಡ" ಅಂದಿದ್ದರು. ಈಗ ಅವರಿಲ್ಲ. ಅವರ ಅಪ್ಪಣೆಯಂತೆ ಹೆಸರು ಬಿಟ್ಟು ಹೇಳಿದ್ದೇವೆ.

ಕೊನೆಯದಾಗಿ ಆಡಳಿತ ಮಂಡಳಿಯವರಲ್ಲಿ ಒಂದು ಬಿನ್ನಹ. ಸಂಘದ ಕಟ್ಟಡದಲ್ಲಿ ಒಂದು ಕಪಾಟು ಕೊಡಿ. ಅದರಲ್ಲಿ ಈಗ ಹೆಸರು ಹೇಳಿದ ನಮ್ಮ ಸೀಮೆಯವರ ಪುಸ್ತಕಗಳನ್ನು ಇಡೋಣ. ನಮ್ಮಲ್ಲಿರುವ ಪುಸ್ತಕಗಳನ್ನು ನಾವೇ ಮೊದಲು ತಂದು ಕೊಡುತ್ತೇವೆ. ಬೆಳಗಿನ ಹಾಲು ಹಾಕಿ ಮುಗಿದ ಮೇಲೆ ಆ ಕೋಣೆ ಖಾಲಿ ಇರುತ್ತದೆ. ಬರೆಯುವ ಮಕ್ಕಳು ಅಲ್ಲಿ ಕೂತು ದಿನಕ್ಕೆ ಒಂದು ಪುಟ ಬರೆಯಲಿ. ಕೇಳುವುದಕ್ಕೆ ನಾವು ಬರುತ್ತೇವೆ. ಸಂಘದ ರಿಜಿಸ್ಟರಿನಲ್ಲಿ ಯಾರು ಎಷ್ಟು ಲೀಟರು ಹಾಕಿದರು ಅನ್ನುವ ಲೆಕ್ಕ 25 ವರ್ಷದಿಂದ ತಪ್ಪದೆ ಇದೆ. ಆ ಲೀಟರಿನ ಹಿಂದೆ ಯಾವ ಮನೆಯಲ್ಲಿ ಯಾರು ಹಾಲಿಲ್ಲದೆ ಮಲಗಿದರು ಅನ್ನುವ ಲೆಕ್ಕವನ್ನು ಈ ಮಕ್ಕಳು ಬರೆಯಲಿ.